ಹಾಡುವವರ ಕೈ ನೋಡಿ ಶ್ರುತಿಯ ದನಿ ಏರಿಳಿಸುವ ಡಬ್ಬಿ: ಮನೆಯಲ್ಲೇ ಮಾಡುವ ಬಗೆ

ಹಾಡುವವರ ಎಡಗೈ ಗಮನಿಸಿದ್ದೀರಾ? ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಎಡಗೈಗೆ ಯಾರೂ ಕೆಲಸ ಕೊಟ್ಟಿರುವುದಿಲ್ಲ. ಆದರೂ ಅದು ಸುಮ್ನೆ ಕೂರುವುದಿಲ್ಲ. ಮಂದ್ರದಲ್ಲಿದ್ದಾಗ ಮಂಡಿಯ ಹತ್ತಿರ ಇರುತ್ತದೆ. ಸ್ವರ ಮೇಲೆ ಹೋದ ಹಾಗೆ ಕೈಯೂ ಏಳುತ್ತದೆ. ತಾರ ಷಡ್ಜದ ಮೇಲೆ ನಿಂತಾಗ ಎದೆಯ ಎತ್ತರಕ್ಕೆ ಬಂದು ಅಲ್ಲೇ ತಡೆಯುತ್ತದೆ.

ನಮ್ಮಕ್ಕನ ಮಗಳು ಹಾಡುವುದನ್ನು ಪಕ್ಕದಲ್ಲಿ ಕೂತು ನೋಡಿದಾಗ ನನಗೆ ಹೊಳೆದದ್ದು ಇಷ್ಟೇ. ಈ ಎಡಗೈಯನ್ನು ಒಂದು ಸೆನ್ಸರ್ ನೋಡುತ್ತಿದ್ದರೆ ಸಾಕು, ಶ್ರುತಿಯ ದನಿಯನ್ನು, ಅಂದರೆ ವಾಲ್ಯೂಮನ್ನು, ಬೇರೆ ಯಾರೂ ಏರಿಸಿ ಇಳಿಸಬೇಕಾಗಿಲ್ಲ.

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಬಹಳ ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವನು. ಈಗ ಮಂಡ್ಯ, ಮೈಸೂರಿನ ಸಣ್ಣ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುತ್ತೇನೆ. ಅವಳು ವಚನ, ತತ್ವಪದ, ಜನಪದ ಹಾಡುತ್ತಾಳೆ. ಜೊತೆಗೆ ಹಾರ್ಮೋನಿಯಂ, ತಬಲಾ. ತಂಬೂರಿ ಮತ್ತು ಅದರ ಕೆಳಗೆ ಹರಡಿಕೊಳ್ಳುವ ಒಂದು ತಂತಿಯ ನಾದ ಲ್ಯಾಪ್‌ಟಾಪ್‌ನಿಂದ ಬರುತ್ತದೆ. ಆ ನಾದ ಹಾಡಿನ ಜೊತೆ ಉಬ್ಬಿ ಇಳಿಯಬೇಕು. ಹಿಂದೆ ಮಿಕ್ಸರ್ ಹತ್ತಿರ ಕೂತ ನಾನೇ ಫೇಡರ್ (ದನಿ ಏರಿಳಿಸುವ ಜಾರುಗುಂಡಿ) ತಳ್ಳುತ್ತಿದ್ದೆ. ಅವಳು ಮೇಲೆ ಹೋದದ್ದು ಕಿವಿಗೆ ಬಿದ್ದ ಮೇಲೆ ನನ್ನ ಬೆರಳು ಏಳುತ್ತಿತ್ತು. ಅಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು. ಎಷ್ಟು ಅಭ್ಯಾಸ ಮಾಡಿದರೂ ಈ ತಡ ಹೋಗಲಿಲ್ಲ.

ಕೈ ಮುಟ್ಟದೆ ನುಡಿಸುವುದು ಹೊಸದೇನಲ್ಲ. 1920ರ ಸುಮಾರಿಗೆ ರಷ್ಯಾದ ಲಿಯೋನ್ ಥೆರೆಮಿನ್ ಅಂಥ ಒಂದು ವಾದ್ಯವನ್ನೇ ಕಟ್ಟಿದರು. ಒಂದು ಕೈ ಸರಳಿನ ಹತ್ತಿರ ಹೋದರೆ ಸ್ವರ ಏರುತ್ತದೆ, ಇನ್ನೊಂದು ಕೈ ದನಿಯನ್ನು ನೋಡಿಕೊಳ್ಳುತ್ತದೆ. ಕೈಗೂ ಸರಳಿಗೂ ನಡುವಿನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಬದಲಾಗುವುದೇ ಅದರ ಗುಟ್ಟು. ನಾನೂ ಮೊದಲು ಅದನ್ನೇ ಪ್ರಯತ್ನಿಸಿದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಒಂದು ಮೆಗಾ ಓಮ್ ರೆಸಿಸ್ಟರ್, ಅಷ್ಟೇ. ಮನೆಯಲ್ಲಿ ಚೆನ್ನಾಗಿತ್ತು. ಆದರೆ ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದರೆ ಒಂದು ಲೆಕ್ಕ, ಹಾಕಿದರೆ ಇನ್ನೊಂದು. ಪಕ್ಕದಲ್ಲಿ ತಬಲಾದವರು ಸ್ವಲ್ಪ ಜರುಗಿದರೂ ಲೆಕ್ಕ ಬದಲು. ನಾಲ್ಕು ಜನ ಒತ್ತಾಗಿ ಕೂರುವ ನಮ್ಮ ವೇದಿಕೆಗೆ ಅದು ಒಗ್ಗಲಿಲ್ಲ.

ಎಲ್ಲ ಕಡೆ ಸಿಗುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರನ್ನೂ ಹಾಕಿ ನೋಡಿದೆ. ಅದು 40 ಕಿಲೋಹರ್ಟ್ಸ್ ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ನಮ್ಮ ಕಿವಿಗೆ ಕೇಳುವುದಿಲ್ಲ. ಒಂದು ಅಳತೆಗೂ ಇನ್ನೊಂದಕ್ಕೂ 60 ಮಿಲಿಸೆಕೆಂಡ್ ಬಿಡಿ ಎಂದು ಅದರ ಜೊತೆ ಬರುವ ಹಾಳೆಯೇ ಹೇಳುತ್ತದೆ. ಗೋಡೆಯ ದೂರ ಅಳೆಯುವವರಿಗೆ ಅದು ಸಾಕು. ಹಾಡುವವರ ಕೈ ಓರೆಯಾಗಿ ತಿರುಗಿದರೆ ಪ್ರತಿಧ್ವನಿ ಬೇರೆಲ್ಲೋ ಹೋಗುತ್ತದೆ. ಮಧ್ಯೆ ಸೆರಗು ಬಂದರೆ ಬಟ್ಟೆ ಶಬ್ದವನ್ನು ನುಂಗುತ್ತದೆ. ಅದನ್ನೂ ಬಿಟ್ಟೆ.

ಕೊನೆಗೆ ನಿಂತದ್ದು ಕಣ್ಣಿಗೆ ಕಾಣದ ಬೆಳಕು. ಟಿವಿ ರಿಮೋಟ್‌ನಲ್ಲಿ ಇರುತ್ತದಲ್ಲ, ಅದೇ ಇನ್‌ಫ್ರಾರೆಡ್ ಎಲ್‌ಇಡಿ. ಅದು ಕೈಗೆ ಬೆಳಕು ಚೆಲ್ಲುತ್ತದೆ. ಕೈಗೆ ತಾಗಿ ವಾಪಸ್ ಬಂದದ್ದನ್ನು ಒಂದು ಫೋಟೋ ಡಯೋಡ್ ಅಳೆಯುತ್ತದೆ.

ಬೇಕಾದ ಸಾಮಾನು

5 ಮಿ.ಮೀ. ಇನ್‌ಫ್ರಾರೆಡ್ ಎಲ್‌ಇಡಿ ಎರಡು, 940 ನ್ಯಾನೋಮೀಟರ್‌ನವು. ಫೋಟೋ ಡಯೋಡ್ ಒಂದು, ಮೈ ಕಪ್ಪಗಿರುವುದೇ ಇರಲಿ. ಆ ಕಪ್ಪು ಪ್ಲಾಸ್ಟಿಕ್ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ಡನ್ನು ಮಾತ್ರ ಒಳಗೆ ಬಿಡುತ್ತದೆ. ಬಿಸಿ547 ಟ್ರಾನ್ಸಿಸ್ಟರ್ ಒಂದು. ರೆಸಿಸ್ಟರ್‌ಗಳು: 47 ಓಮ್, 1 ಕಿಲೋ ಓಮ್, 47 ಕಿಲೋ ಓಮ್. ಬಿಡಿಭಾಗ ಬೆಸೆಯಲು ಒಂದು ಚೂರು ಜೀರೋ ಪಿಸಿಬಿ, ಅಂದರೆ ತೂತು ತೂತಿನ ಹಲಗೆ. ಇಷ್ಟಕ್ಕೆ ನೂರು ರೂಪಾಯಿ ಆಗುವುದಿಲ್ಲ. ಖರ್ಚು ಇರುವುದು ಇದನ್ನೆಲ್ಲ ಓದಿ ಲ್ಯಾಪ್‌ಟಾಪ್‌ಗೆ ಕಳಿಸುವ ಬೋರ್ಡಿಗೆ.

ಬೋರ್ಡ್ ಕೊಳ್ಳುವಾಗ ನೋಡಿ ಕೊಳ್ಳಿ. ಆರ್ಡುಯಿನೋ ಊನೋ ಆರ್3 ಬೇಡ. ಅದು ನೇರವಾಗಿ ಮಿಡಿ (ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ) ಸಾಧನವಾಗಿ ಲ್ಯಾಪ್‌ಟಾಪ್‌ಗೆ ಕಾಣಿಸಿಕೊಳ್ಳುವುದಿಲ್ಲ. ಲಿಯೊನಾರ್ಡೊ ಅಥವಾ ಪ್ರೋ ಮೈಕ್ರೋ ತೆಗೆದುಕೊಳ್ಳಿ. ಅವುಗಳಲ್ಲಿ ಎಟಿಮೆಗಾ32ಯು4 ಚಿಪ್ ಇರುತ್ತದೆ, ಮಿಡಿಯುಎಸ್‌ಬಿ ಎಂಬ ಲೈಬ್ರರಿ ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಒಂದು ಕೀಬೋರ್ಡ್ ವಾದ್ಯ ಎಂದೇ ತಿಳಿಯುತ್ತದೆ. ಬೇರೆ ತಂತ್ರಾಂಶದ ತಂಟೆಯೇ ಇಲ್ಲ.

ಜೋಡಣೆ

ಎರಡು ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ, 47 ಓಮ್ ಮೂಲಕ 5 ವೋಲ್ಟ್‌ಗೆ ಕೊಡಿ. ಇನ್ನೊಂದು ತುದಿ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ. ಎಮಿಟರ್ ಗ್ರೌಂಡ್‌ಗೆ. ಬೋರ್ಡಿನ ಒಂದು ಡಿಜಿಟಲ್ ಪಿನ್‌ನಿಂದ 1 ಕಿಲೋ ಓಮ್ ಮೂಲಕ ಬೇಸ್‌ಗೆ. ಎಲ್‌ಇಡಿಗಳಲ್ಲಿ ಸುಮಾರು 50 ಮಿಲಿಆಂಪ್ ಹರಿಯುತ್ತದೆ. ಬಿಸಿ547 ನೂರರವರೆಗೆ ತಡೆಯುತ್ತದೆ, ಹೆದರಿಕೆ ಇಲ್ಲ.

ಫೋಟೋ ಡಯೋಡನ್ನು ಉಲ್ಟಾ ಹಾಕಬೇಕು. ಅಂದರೆ ಕ್ಯಾಥೋಡ್ 5 ವೋಲ್ಟ್‌ಗೆ, ಆನೋಡ್ ಅನಲಾಗ್ ಪಿನ್‌ಗೆ, ಆ ಪಿನ್‌ನಿಂದ ಗ್ರೌಂಡ್‌ಗೆ 47 ಕಿಲೋ ಓಮ್. ಕತ್ತಲಲ್ಲಿ ಕೈ ಮುಚ್ಚಿದರೂ ಓದು (ಬೋರ್ಡು 0ಯಿಂದ 1023ರವರೆಗೆ ಕೊಡುವ ಅಂಕೆ) 900 ದಾಟುತ್ತಿದ್ದರೆ ಡಯೋಡನ್ನು ತಿರುಗಿಸಿ ಹಾಕಿ.

ಎಲ್‌ಇಡಿ ಉರಿಯುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ತಿಳಿ ನೇರಳೆ ಚುಕ್ಕಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಫೋನುಗಳು ಇನ್‌ಫ್ರಾರೆಡ್ ತಡೆಯುವ ಗಾಜು ಹಾಕಿರುತ್ತವೆ.

ಮೊದಲ ಪ್ರಯೋಗಕ್ಕೆ ನಾನು ಸ್ಯಾಂಡಲ್ ಸೋಪಿನ ರಟ್ಟಿನ ಡಬ್ಬಿ ಬಳಸಿದೆ. ಈಗ ಇರುವುದು ಚನ್ನಪಟ್ಟಣದ ಮರದ ಡಬ್ಬಿ, ಮುಚ್ಚಳಕ್ಕೆ ಮೂರು ತೂತು. ಮಧ್ಯದಲ್ಲಿ ಫೋಟೋ ಡಯೋಡ್, ಎರಡು ಕಡೆ ಎಲ್‌ಇಡಿ. ಇಲ್ಲಿ ಒಂದು ಮಾತು. ಎಲ್‌ಇಡಿಯ ಬೆಳಕು ಡಬ್ಬಿಯ ಒಳಗೇ ಫೋಟೋ ಡಯೋಡ್‌ಗೆ ಸೋರಿದರೆ ಕೈ ಇಲ್ಲದಿದ್ದರೂ ಕೈ ಇದ್ದಂತೆ ಓದು ಬರುತ್ತದೆ. ಕಪ್ಪು ಸ್ಲೀವ್ ಹಾಕಿದೆ, ಸೋರುವುದು ನಿಲ್ಲಲಿಲ್ಲ. ಕಣ್ಣಿಗೆ ಕಪ್ಪಾಗಿ ಕಾಣುವ ಪ್ಲಾಸ್ಟಿಕ್ಕೆಲ್ಲ ಇನ್‌ಫ್ರಾರೆಡ್‌ಗೆ ಕಪ್ಪಲ್ಲ. ಫೋಟೋ ಡಯೋಡ್‌ನ ಮೈಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಅದರ ಮೇಲೆ ಸ್ಲೀವ್ ಹಾಕಿದ ಮೇಲೆ ಸರಿಹೋಯಿತು. ಹಾಳೆ ಡಯೋಡ್‌ನ ಕಾಲಿಗೆ ತಾಗದ ಹಾಗೆ ನೋಡಿಕೊಳ್ಳಿ.

ಓದುವ ಬಗೆ

ಬರೀ ಓದಿದರೆ ಕೈಯ ಬೆಳಕಿನ ಜೊತೆ ದೀಪದ ಬೆಳಕು, ಬಿಸಿಲು ಎಲ್ಲ ಸೇರಿಕೊಳ್ಳುತ್ತದೆ. ಅದಕ್ಕೆ ಎಲ್‌ಇಡಿ ಹಚ್ಚಿ ಒಂದು ಓದು, ಆರಿಸಿ ಒಂದು ಓದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಉಳಿಯುವುದು ನಮ್ಮ ಎಲ್‌ಇಡಿಯ ಬೆಳಕು ಮಾತ್ರ.

ಹಚ್ಚಿದ ಮೇಲೆ 0.1 ಮಿಲಿಸೆಕೆಂಡ್ ಬಿಡಿ. ಎರಡು ಸಲ ಓದಿ, ಮೊದಲನೆಯದನ್ನು ಎಸೆಯಿರಿ. ಆರಿಸಿ ಹಾಗೇ ಮಾಡಿ. ಇಂಥ 16 ಜೋಡಿಗಳ ವ್ಯತ್ಯಾಸಗಳನ್ನು ಕೂಡಿ. ಹದಿನಾರೇ ಯಾಕೆ? ಈ ಬೋರ್ಡಿನಲ್ಲಿ ಒಂದು ಅನಲಾಗ್ ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಬೇಕು. ಎಲ್ಲ ಲೆಕ್ಕ ಹಾಕಿದರೆ 16 ಜೋಡಿಗೆ ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ಆಗುತ್ತದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅದರಿಂದ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ ಸರಿಯಾಗಿ 10 ಮಿಲಿಸೆಕೆಂಡ್. ಹಾಗಾಗಿ ಒಂದು ಪೂರ್ತಿ ಮಿಡಿತವನ್ನು ಕೂಡಿ ತೆಗೆದುಕೊಂಡರೆ ಅದರ ಏರಿಳಿತ ಒಂದಕ್ಕೊಂದು ಕಳೆದುಹೋಗುತ್ತದೆ. ಮೊದಲು ನಾನು 5 ಜೋಡಿ ಮಾತ್ರ ಓದುತ್ತಿದ್ದೆ. ಕೈ ಅಲುಗಾಡದೆ ಇದ್ದರೂ ನಾದ ನಡುಗುತ್ತಿತ್ತು. ಹದಿನಾರಕ್ಕೆ ಏರಿಸಿದ ಸಂಜೆಯೇ ಆ ನಡುಕ ನಿಂತಿತು.

ಇನ್ನು ದೂರ. ಕೈ ಎರಡರಷ್ಟು ದೂರ ಹೋದರೆ ವಾಪಸ್ ಬರುವ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅವಳ ಕೈಗೆ ನನಗೆ ಸಿಕ್ಕ 16 ಜೋಡಿಯ ಮೊತ್ತಗಳು ಹೀಗಿವೆ: 10 ಸೆಂ.ಮೀ.ನಲ್ಲಿ 2900, 20ರಲ್ಲಿ 730, 30ರಲ್ಲಿ 310. ಇದನ್ನು ಹಾಗೇ ದನಿಗೆ ಕೊಟ್ಟರೆ ಕೈ ಹತ್ತಿರ ಬಂದಾಗ ಒಮ್ಮೆಗೇ ಕೂಗಿಕೊಳ್ಳುತ್ತದೆ, ದೂರದಲ್ಲಿ ಏನು ಮಾಡಿದರೂ ಅಲುಗುವುದಿಲ್ಲ. ಅದಕ್ಕೆ ವರ್ಗಮೂಲ ತೆಗೆಯಬೇಕು. ಕೈಯನ್ನು 20 ಸೆಂ.ಮೀ.ನಲ್ಲಿ ಹಿಡಿಸಿ. 730ರ ವರ್ಗಮೂಲ 27. 27ನ್ನು 20ರಿಂದ ಗುಣಿಸಿದರೆ 540. ಇದು ಆ ಕೈಯ ಅಂಕೆ. ಇನ್ನು ಮುಂದೆ ಬರುವ ಪ್ರತಿ ಮೊತ್ತದ ವರ್ಗಮೂಲದಿಂದ 540ನ್ನು ಭಾಗಿಸಿದರೆ ದೂರ ಸೆಂಟಿಮೀಟರ್‌ನಲ್ಲಿ ಸಿಗುತ್ತದೆ. 2900ಕ್ಕೆ ಹಾಕಿ ನೋಡಿ, 10 ಬರುತ್ತದೆ.

ನನ್ನ ಕೈಗೆ ಇದೇ ಅಂಕೆ 610. ಅಂಗೈ ದೊಡ್ಡದು. ಹಾಗಾಗಿ ನಿಮ್ಮ ಕೈ ಹಿಡಿದು ಅಳತೆ ಹೊಂದಿಸಬೇಡಿ. ಹಾಡುವವರನ್ನೇ ಕೂರಿಸಿ, ಅವರ ಕೈಯನ್ನೇ ಅಳೆಯಿರಿ.

ದೂರ ಸಿಕ್ಕಿತು. ಅದನ್ನು ಮಿಡಿಯ ಅಂಕೆಗೆ ಇಳಿಸಬೇಕು. ಮಿಡಿಯಲ್ಲಿ ಕಂಟ್ರೋಲ್ ಅಂಕೆಗಳು 0ಯಿಂದ 127ರವರೆಗೆ. ದನಿಗೆ ಅಂತ 7ನೇ ಕಂಟ್ರೋಲ್ ಇದೆ, ಎಲ್ಲರೂ ಮೊದಲು ಅದನ್ನೇ ಹಿಡಿಯುತ್ತಾರೆ. ಬೇಡ. 11ನೆಯದನ್ನು ಬಳಸಿ, ಅದರ ಹೆಸರು ಎಕ್ಸ್‌ಪ್ರೆಷನ್. ಏಳನೆಯದು ಆ ವಾದ್ಯ ಒಟ್ಟಾರೆ ಎಷ್ಟು ಕೇಳಬೇಕು ಎಂದು ಕಾರ್ಯಕ್ರಮಕ್ಕೆ ಮೊದಲು ಕೂರಿಸುವುದು. ಹನ್ನೊಂದನೆಯದು ಅದರೊಳಗೆ ಏರಿಳಿಯುವುದು. ಏಳನ್ನು ಸೆನ್ಸರ್‌ಗೆ ಕೊಟ್ಟರೆ ಸೌಂಡ್ ಚೆಕ್‌ನಲ್ಲಿ ಕೂರಿಸಿದ್ದೆಲ್ಲ ಮೊದಲ ಹಾಡಿಗೇ ಹಾರಿಹೋಗುತ್ತದೆ.

ಅವಳು ನನಗೆ ಹಾಕಿದ್ದು ಒಂದೇ ಷರತ್ತು. "ಮಾವ, ಏನ್ ಬೇಕಾದ್ರೂ ಮಾಡು, ಶ್ರುತಿ ಮಾತ್ರ ನಿಲ್ಬಾರ್ದು." ಅವಳು ಹೇಳಿದ್ದು ಸರಿ. ಹಾಡುವವರಿಗೆ ಶ್ರುತಿ ಕಾಲ ಕೆಳಗಿನ ನೆಲ. ಅದಕ್ಕೆ ಕೆಳಗಿನ ಮಿತಿಯನ್ನು 40ಕ್ಕೆ ಕಟ್ಟಿದೆ. ಕೈ ಇಲ್ಲದಿದ್ದರೂ, ವೈರ್ ಕಿತ್ತರೂ 40 ಇದ್ದೇ ಇರುತ್ತದೆ. ಡಬ್ಬಿ ಈಗ ಕೈಗಿಂತ ಮೇಲೆ ನೇತಾಡುತ್ತದೆ (ಯಾಕೆ ಎಂದು ಮುಂದೆ ಹೇಳುತ್ತೇನೆ), ಕೈ ಎತ್ತಿದರೆ ಹತ್ತಿರ ಬರುತ್ತದೆ. 35 ಸೆಂ.ಮೀ. ದೂರಕ್ಕೆ 40, 10 ಸೆಂ.ಮೀ. ಹತ್ತಿರಕ್ಕೆ 110. ಮಧ್ಯದಲ್ಲಿ ನೇರ ಗೆರೆ. ಅದಕ್ಕಿಂತ ಮೇಲೆ ಬಿಡಲಿಲ್ಲ, ಹಾಡಿನ ಮೇಲೆ ನಾದ ಹತ್ತಿ ಕೂರಬಾರದು. ಶ್ರುತಿಯ ಸ್ವರವನ್ನು ಸೆನ್ಸರ್‌ಗೆ ಕೊಡಲೇಬೇಡಿ.

ಬಳೆ

ಮೊದಲ ದಿನದ ಅಭ್ಯಾಸದಲ್ಲಿ ನಾದ ಎಲ್ಲ ಚೆನ್ನಾಗಿ ಏರುತ್ತಿತ್ತು, ಆದರೆ ನಡುನಡುವೆ ಯಾರೋ ತಟ್ಟಿದ ಹಾಗೆ ಎಗರುತ್ತಿತ್ತು. ಅರ್ಧ ಗಂಟೆ ವೈರುಗಳನ್ನೇ ಎಳೆದು ನೋಡಿದೆ. ಆಮೇಲೆ ಅವಳ ಮಣಿಕಟ್ಟನ್ನೇ ನೋಡುತ್ತಾ ಕೂತೆ. ಹಸಿರು ಗಾಜಿನ ಬಳೆ, ಕೈಗೆ ನಾಲ್ಕು, ಜೊತೆಗೆ ಒಂದು ಚಿನ್ನದ್ದು. ಗಮಕ ತೆಗೆಯುವಾಗ ಮಣಿಕಟ್ಟು ಸಣ್ಣಗೆ ತಿರುಗುತ್ತದೆ. ಬಳೆಯ ಅಂಚು ಸೆನ್ಸರ್‌ಗೆ ನೇರ ಬಂದ ಗಳಿಗೆಯಲ್ಲಿ ಕನ್ನಡಿ ಹೊಳೆದಂತೆ ಹೊಳೆಯುತ್ತದೆ. ಓದು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಪಟ್ಟು ದಾಟಿ ಮತ್ತೆ ಇದ್ದಲ್ಲಿಗೇ.

ಬಳೆ ತೆಗೆದಿಡಮ್ಮಾ ಎಂದು ಕೇಳುವುದು ಸುಲಭ. ನಾನು ಕೇಳಲಿಲ್ಲ. ಹಾಡುವವರು ಸೆನ್ಸರ್‌ಗಾಗಿ ಏನನ್ನೂ ಬದಲಾಯಿಸಬಾರದು ಎಂದು ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಕೈ ಎಲ್ಲಿಡಬೇಕು ಅಂತ ಒಮ್ಮೆ ಯೋಚನೆ ಶುರುವಾದರೆ ಹಾಡಿನ ಮೇಲಿನ ಗಮನ ಹೋಗುತ್ತದೆ.

ಎರಡು ಕೆಲಸ ಮಾಡಿದೆ. ಒಂದು, ನಯವಾದ ಉಪ್ಪುಕಾಗದದಲ್ಲಿ ಎಲ್‌ಇಡಿಗಳ ತಲೆಯನ್ನು ಉಜ್ಜಿ ಮಂಜು ಮಂಜಾಗಿಸಿದೆ. ಬೆಳಕು ಈಟಿಯ ಹಾಗೆ ಹೋಗುವುದು ಬಿಟ್ಟು ಹರಡಿಕೊಂಡಿತು, ಹೊಳಪು ಕಡಿಮೆಯಾಯಿತು. ಇದರಿಂದ ದೂರದ ಓದು ಸ್ವಲ್ಪ ಇಳಿಯುತ್ತದೆ. ಮೇಲೆ ಹೇಳಿದ ಅಂಕೆಗಳೆಲ್ಲ ಉಜ್ಜಿದ ಮೇಲಿನವು. ಎರಡು, ಕೊನೆಯ ಐದು ಓದುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಮಾತ್ರ ತೆಗೆದುಕೊಂಡೆ. ಒಂದೆರಡು ಓದು ಎಗರಿದರೂ ಅವು ತುದಿಗೆ ಹೋಗಿ ನಿಲ್ಲುತ್ತವೆ, ಲೆಕ್ಕಕ್ಕೆ ಬರುವುದಿಲ್ಲ. ಸರಾಸರಿ ತೆಗೆದರೆ ಈ ಗುಣ ಸಿಗುವುದಿಲ್ಲ, ಎಗರಿದ್ದು ಅದರೊಳಗೆ ಬೆರೆತುಬಿಡುತ್ತದೆ.

ಆಮೇಲೆ ನಯಗೊಳಿಸುವುದು. ಹೊಸ ಬೆಲೆಗೂ ಹಳೆ ಬೆಲೆಗೂ ಇರುವ ವ್ಯತ್ಯಾಸದ ಎಂಟನೇ ಒಂದು ಭಾಗವನ್ನು ಪ್ರತಿ ಸಲ ಹಳೆಯದಕ್ಕೆ ಸೇರಿಸಿ. ಏರುವಾಗ ಇದು ಸರಿ. ಇಳಿಯುವಾಗ ನಾನು ಮೂವತ್ತೆರಡನೇ ಒಂದು ಭಾಗ ಇಟ್ಟಿದ್ದೇನೆ. ತಂಬೂರಿಯ ತಂತಿ ಮೀಟಿದಾಗ ನಾದ ಬೇಗ ಏಳುತ್ತದೆ, ಆರುವುದು ನಿಧಾನ. ಕಿವಿಗೆ ಆ ಅಭ್ಯಾಸ ಇದೆ. ಏರಿದಷ್ಟೇ ಬೇಗ ಇಳಿದರೆ ಯಾರೋ ಗುಂಡಿ ತಿರುಗಿಸಿದ ಹಾಗೆ ಕೇಳುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ನಾನು ಪ್ಯೂರ್ ಡೇಟಾ ಎಂಬ ಶಬ್ದದ ತಂತ್ರಾಂಶ ಬಳಸುತ್ತೇನೆ. ಉಚಿತ, ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕಂಟ್ರೋಲ್ ಅಂಕೆ ಬಂದದ್ದನ್ನು 127ರಿಂದ ಭಾಗಿಸಿ, ಅದನ್ನು ಅದರಿಂದಲೇ ಗುಣಿಸಿ, 30 ಮಿಲಿಸೆಕೆಂಡಿನಲ್ಲಿ ನಯವಾಗಿ ಜಾರುವ ಹಾಗೆ ದನಿಗೆ ಕೊಟ್ಟರೆ ಮುಗಿಯಿತು. ನಿಮಗೆ ಪರಿಚಯದ ಬೇರೆ ತಂತ್ರಾಂಶ ಇದ್ದರೆ ಅದೇ ಆಗಲಿ.

ವೇದಿಕೆಯ ಮೇಲೆ

ಮೊದಲ ಸಲ ಮೈಸೂರಿನ ಒಂದು ಸಭಾಂಗಣದಲ್ಲಿ ಇದನ್ನು ಇಟ್ಟೆವು. ಡಬ್ಬಿಯನ್ನು ಅವಳ ಎಡಗಡೆ ಒಂದು ಮಣೆಯ ಮೇಲೆ, ಬಾಯಿ ಮೇಲಕ್ಕೆ ಮಾಡಿ ಕೂರಿಸಿದ್ದೆ. ಮಧ್ಯಾಹ್ನದ ಸೌಂಡ್ ಚೆಕ್‌ನಲ್ಲಿ ಎಲ್ಲ ಸರಿ ಇತ್ತು. ಸಂಜೆ ಪರದೆ ಸರಿಯಿತು, ವೇದಿಕೆಯ ಹ್ಯಾಲೋಜೆನ್ ದೀಪಗಳು ಪೂರ್ತಿ ಹತ್ತಿದವು. ನಾದ ಕುಸಿದು ತಳಕ್ಕೆ ಹೋಯಿತು, ಕೈ ಎಷ್ಟು ಎತ್ತಿದರೂ ಏಳಲಿಲ್ಲ. ಕೆಳಗಿನ ಮಿತಿ 40 ಇದ್ದದ್ದರಿಂದ ಶ್ರುತಿ ಉಳಿಯಿತು, ಅವಳು ಅಲುಗಾಡದೆ ಹಾಡಿ ಮುಗಿಸಿದಳು. ನನಗೆ ಮಾತ್ರ ಆ ಒಂದು ಗಂಟೆ ಬಹಳ ಉದ್ದವಾಗಿತ್ತು.

ಕಾರಣ ಸರಳ. ಹ್ಯಾಲೋಜೆನ್ ದೀಪ ಬೆಳಕಿಗಿಂತ ಜಾಸ್ತಿ ಚೆಲ್ಲುವುದೇ ಇನ್‌ಫ್ರಾರೆಡ್. ಮೇಲಕ್ಕೆ ಬಾಯಿ ತೆರೆದ ಫೋಟೋ ಡಯೋಡ್ ನೇರ ಆ ದೀಪವನ್ನೇ ನೋಡುತ್ತಿತ್ತು. ಎಲ್‌ಇಡಿ ಹಚ್ಚಿದರೂ 1023, ಆರಿಸಿದರೂ 1023. ಕಳೆದರೆ ಸೊನ್ನೆ. ತುಂಬಿದ ಕೊಡಕ್ಕೆ ಇನ್ನೊಂದು ಲೋಟ ನೀರು ಹಾಕಿದರೆ ಅಳತೆ ಸಿಗುತ್ತದೆಯೇ? ಆಗ ಫೋಟೋ ಡಯೋಡ್‌ನ ಪಿನ್‌ನಿಂದ ಗ್ರೌಂಡ್‌ಗೆ 100 ಕಿಲೋ ಓಮ್ ಹಾಕಿದ್ದೆ. ಅದನ್ನು 47ಕ್ಕೆ ಇಳಿಸಿದ್ದು ಆ ರಾತ್ರಿಯ ಮೇಲೆ.

ಅದಕ್ಕಿಂತ ದೊಡ್ಡ ಬದಲಾವಣೆ ಡಬ್ಬಿಯನ್ನು ತಲೆಕೆಳಗು ಮಾಡಿದ್ದು. ಈಗ ಅದು ಒಂದು ಗಿಡ್ಡ ಮೈಕ್ ಸ್ಟ್ಯಾಂಡಿನ ತೋಳಿಗೆ ನೇತಾಡುತ್ತದೆ, ನೆಲದಿಂದ 70 ಸೆಂ.ಮೀ. ಮೇಲೆ, ಅವಳ ಎಡ ಭುಜದ ಪಕ್ಕ, ಬಾಯಿ ಕೆಳಕ್ಕೆ. ಡಯೋಡ್ ಈಗ ನೋಡುವುದು ದೀಪವನ್ನಲ್ಲ, ಜಮಖಾನವನ್ನು. ಇನ್ನೂ ಒಂದು ಲಾಭ ಇದೆ. ಕೈ ಎತ್ತಿದರೆ ಸೆನ್ಸರ್‌ಗೆ ಹತ್ತಿರ ಬರುತ್ತದೆ, ಅಳತೆ ಎಲ್ಲಿ ಚುರುಕೋ ಅಲ್ಲೇ ತಾರ ಸ್ಥಾಯಿ ಬರುತ್ತದೆ. ಕೈ ಮಂಡಿಯ ಮೇಲೆ ಇದ್ದರೆ ಸೆನ್ಸರ್‌ಗೆ ಕಾಣುವುದೇ ಇಲ್ಲ, ನಾದ ತಾನಾಗಿ ತಳದಲ್ಲಿ ನಿಲ್ಲುತ್ತದೆ. ಜಮಖಾನದಿಂದಲೂ ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ಕೈ ಇಲ್ಲದಾಗಿನ ಓದನ್ನು ಮೊದಲು ಬರೆದುಕೊಂಡು ಎಲ್ಲ ಓದಿನಿಂದ ಕಳೆಯಿರಿ. ನನಗೆ ಅದು 50ರ ಆಸುಪಾಸು.

ಕಾರ್ಯಕ್ರಮದ ದಿನ ದೀಪದವರನ್ನು ಮೊದಲೇ ಮಾತಾಡಿಸಿ. "ಅಣ್ಣಾ, ಒಂದು ಎರಡು ನಿಮಿಷ ಎಲ್ಲ ಲೈಟೂ ಫುಲ್ ಹಾಕಿ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಆಗ ಎಲ್‌ಇಡಿ ಆರಿಸಿದ ಓದನ್ನು ನೋಡಿ. 900 ದಾಟಿದರೆ ಸ್ಟ್ಯಾಂಡ್ ಜರುಗಿಸಿ, ಇಲ್ಲವೇ ಡಯೋಡ್‌ಗೆ ಉದ್ದನೆಯ ಕೊಳವೆ ಹಾಕಿ. ಎಲ್‌ಇಡಿ ದೀಪಗಳ ವೇದಿಕೆಯಲ್ಲಿ ಈ ಕಷ್ಟ ಇಲ್ಲವೇ ಇಲ್ಲ, ಅವು ಇನ್‌ಫ್ರಾರೆಡ್ ಬಹಳ ಕಡಿಮೆ ಚೆಲ್ಲುತ್ತವೆ. ಗಣೇಶನ ಪೆಂಡಾಲಿನಲ್ಲಿ ಸಂಜೆ ಐದಕ್ಕೆ ಶುರುವಾದರೆ ಪಡುವಣದ ಬಿಸಿಲು ಎಲ್ಲಿಂದ ಬೀಳುತ್ತದೆ ನೋಡಿಕೊಳ್ಳಿ.

ಯುಎಸ್‌ಬಿ ಕೇಬಲ್ 5 ಮೀಟರ್‌ಗಿಂತ ಉದ್ದ ಎಳೆಯಬೇಡಿ. ನಾನು ಲ್ಯಾಪ್‌ಟಾಪನ್ನು ಹಾರ್ಮೋನಿಯಂ ಹಿಂದೆ ಇಟ್ಟು, ಅಲ್ಲಿಂದ ಆಡಿಯೋ ಮಾತ್ರ ಮಿಕ್ಸರ್‌ಗೆ ಕಳಿಸುತ್ತೇನೆ. ಬೋರ್ಡ್ ದೂರ ಇಟ್ಟು ಫೋಟೋ ಡಯೋಡ್‌ನ ವೈರನ್ನು ಉದ್ದ ಮಾಡುವುದಂತೂ ಬೇಡ, ಕರೆಂಟಿನ ಗುಂಯ್ ಎಲ್ಲ ಅದರೊಳಗೆ ಬರುತ್ತದೆ.

ವೀಣೆ, ಪಿಟೀಲು ನುಡಿಸುವವರಿಗೆ ಎರಡು ಕೈಗೂ ಕೆಲಸ ಇದೆ, ಅವರಿಗೆ ಇದು ಬೇಡ. ನಾಟಕದವರು ಕೇಳಿದರೆ ಮಾಡಿಕೊಡಿ. ನಟ ಒಂದು ಜಾಗಕ್ಕೆ ಬಂದಾಗ ಶಬ್ದ ಏಳಬೇಕು ಎನ್ನುವಲ್ಲಿ ಇದೇ ಡಬ್ಬಿ ಸಾಕು.

ನನ್ನ ಹತ್ತಿರ ಈಗ ಇಂಥವು ಎರಡು ಇವೆ. ಒಂದು ಸ್ಟ್ಯಾಂಡಿನಲ್ಲಿ, ಒಂದು ಚೀಲದಲ್ಲಿ. ಎರಡರ ತಳದಲ್ಲೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ: ಅವಳದು 540, ನನ್ನದು 610, ಹಾರ್ಮೋನಿಯಂ ಹುಡುಗ ಒಂದು ಹಾಡು ಹಾಡುತ್ತಾನೆ, ಅವನದು 575. ಹೊಸಬರು ಬಂದರೆ ಕೈಯನ್ನು 20 ಸೆಂ.ಮೀ. ಕೆಳಗೆ ಹಿಡಿಸಿ, ಅವರದನ್ನೂ ಅಲ್ಲೇ ಕೆಳಗೆ ಬರೆಯುತ್ತೇನೆ.